ಸಹಾಯ ಬೇಕು: ತಮ್ಮನ ಭುಜದ ಕೀಲು ಪದೇ ಪದೇ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ, ಕಬಡ್ಡಿ ಆಡುತ್ತಾನೆ. ಹೋದ ವರ್ಷ ರೈಡ್ ಮಾಡುವಾಗ ಬಿದ್ದು ಬಲಭುಜದ ಕೀಲು ತಪ್ಪಿತ್ತು. ಈಗ ಅಂಗಿ ಹಾಕಿಕೊಳ್ಳಲು ಕೈ ಎತ್ತಿದರೂ ಜಾರುತ್ತದೆ. ಎಂಆರ್‌ಐ ನೋಡಿದ ಮೂಳೆ ಡಾಕ್ಟರು, ಕೀಲಿನ ಗುಳಿಯ ಅಂಚಿನಲ್ಲಿರುವ ಲ್ಯಾಬ್ರಮ್ (ಮೃದು ಎಲುಬಿನ ಪಟ್ಟಿ) ಕಿತ್ತುಬಂದಿದೆ, ಅದನ್ನು ಮತ್ತೆ ಮೂಳೆಗೆ ಕೂಡಿಸುವ ಬ್ಯಾಂಕಾರ್ಟ್ ಆಪರೇಷನ್ ಬೇಕು ಅಂದಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ತಪ್ಪಿದರೆ ಮತ್ತೆ ತಪ್ಪುವುದು ಜಾಸ್ತಿಯಂತೆ. ಮನೆಯವರು ಎಣ್ಣೆ ಹಾಕಿ ತಿಕ್ಕಿಸೋಣ ಅನ್ನುತ್ತಿದ್ದಾರೆ. ಕಿತ್ತಿರುವುದು ತಿಕ್ಕಿದರೆ ಕೂಡಿಕೊಳ್ಳುವುದಿಲ್ಲ ಅಲ್ವಾ?

ಈ ಆಪರೇಷನ್ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಫಿಸಿಯೋಥೆರಪಿ ಎಷ್ಟು ತಿಂಗಳು ಬೇಕಾಯಿತು? ಮತ್ತೆ ಆಟಕ್ಕೆ ಇಳಿದಿರಾ? ನಮಗೆ ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ, ಲ್ಯಾಬ್ರಮ್ ಹಿಡಿದಿಡಲು ಮೂಳೆಗೆ ಕೂರಿಸುವ ಪುಟ್ಟ ಮೊಳೆಯಂಥ ಆಂಕರ್‌ಗಳ ಖರ್ಚೂ ಸೇರುತ್ತದಾ? ಅವನಿಗೆ ಆಟವೇ ಎಲ್ಲ. ತುಂಬಾ ಕುಗ್ಗಿಹೋಗಿದ್ದಾನೆ.