ಹೊಯ್ಗೆ ಮೇಲೆ ಬೈಕು: ಅಪ್ಪಿಗೆ ಚಿಕ್ಕಪ್ಪನ ಉತ್ತರ

ಅಪ್ಪಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ನೋಡಿದೆ. ಬರುವ ಭಾನುವಾರ ನೀವು ಮೂವರು ಗೋಕರ್ಣದಿಂದ ಗಂಗಾವಳಿ ಅಳಿವೆಯವರೆಗೆ ಕಡಲ ದಂಡೆಯ ಮೇಲೇ ಬೈಕಲ್ಲಿ ಹೋಗುತ್ತೀರಂತೆ. ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀಯ. ಕೆಳಗೆ ಅತ್ತಿಗೆ ‘ಬೇಡ’ ಅಂತ ನಾಲ್ಕು ಸಲ ಹಾಕಿದ್ದಾರೆ. ಟೈಪು ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಬಾಯಲ್ಲೇ ಹೇಳುತ್ತೇನೆ.

ಮೊದಲು ಅಲ್ಲಿ ಗಾಡಿ ಇಳಿಸಬಹುದಾ ಅಂತ ಪೊಲೀಸ್ ಠಾಣೆಯಲ್ಲಿ ಕೇಳು. ಬೇಡ ಅಂದರೆ ವಾದ ಮಾಡಬೇಡ, ಸುಮ್ನೆ ವಾಪಸ್ ಬಾ. ಅಷ್ಟೊಂದು ಆಸೆ ಇದ್ದರೆ ಕೇರಳದ ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್ ಇದೆ. ಸುಮಾರು 4 ಕಿಲೋಮೀಟರ್ ಗಟ್ಟಿ ಮರಳು, ಅಲ್ಲಿ ಕಾರನ್ನೇ ಇಳಿಸುತ್ತಾರೆ.

ಈಗ ನನ್ನ ಕಥೆ ಕೇಳು. ನಿನ್ನ ವಯಸ್ಸಲ್ಲಿ ನಾನೂ ಅದೇ ದಂಡೆಯಲ್ಲಿ ಹೋಗಿದ್ದೆ. ಹೋಗುವಾಗ ಏನೂ ಆಗಲಿಲ್ಲ. ನೀರು ಇಳಿದಿತ್ತು, ಹಸಿ ಹೊಯ್ಗೆ ಅಂಗಳದ ಹಾಗೆ ಗಟ್ಟಿ. ಅಳಿವೆ ಹತ್ತಿರ ಬೈಕು ನಿಲ್ಲಿಸಿ ಅವಲಕ್ಕಿ ತಿಂದೆ, ಹಾಗೇ ಕಣ್ಣು ಹತ್ತಿತು. ಎದ್ದು ನೋಡಿದರೆ ಸ್ಟ್ಯಾಂಡು ಹೂತು ಬೈಕು ಅಡ್ಡ ಬಿದ್ದಿದೆ, ಹಿಂದಿನ ಚಕ್ರಕ್ಕೆ ತೆರೆ ಬಡಿಯುತ್ತಿದೆ. ಗಾಬರಿಯಲ್ಲಿ ಎತ್ತಿ, ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುವಿದೆ. ಚಕ್ರ ತಿರುಗಿದಷ್ಟೂ ಗುಂಡಿ ತೋಡಿಕೊಂಡು ಚೈನಿನವರೆಗೆ ಇಳಿಯಿತು. ರಂಪಣಿ ಬಲೆ ಎಳೆಯುತ್ತಿದ್ದ ಏಳೆಂಟು ಜನ ಓಡಿ ಬಂದು ಹಗ್ಗ ಕಟ್ಟಿ ಎಳೆದರು. ಬೈಕು ಅಣ್ಣನದು. ಅಣ್ಣಾ, ಚೈನು ಯಾಕೆ ತುಕ್ಕು ಹಿಡಿಯಿತು ಅಂತ ಆಗ ನೀನು ಕೇಳಿದ್ದೆ ಅಲ್ವಾ, ಇದಕ್ಕೇ.

ಅದಕ್ಕೇ ಹೇಳುವುದು, ಓಡಿಸುವಾಗ ಎಲ್ಲರೂ ಹುಷಾರಾಗಿರುತ್ತಾರೆ, ಎಡವಟ್ಟಾಗುವುದು ನಿಲ್ಲಿಸಿದಾಗ. ತೆಳು ನೀರು ಹೊಳೆಯುವ ಕಡೆ ನಿಲ್ಲಲೇಬೇಡ. ಅಲ್ಲಿ ಎಂಜಿನ್ ಅದುರಿದರೆ ಸಾಕು, ಮರಳು ಸಡಿಲವಾಗಿ ಚಕ್ರ ಇಳಿಯುತ್ತದೆ. ತಿಂಡಿ ತಿನ್ನುವುದಿದ್ದರೆ ಬೈಕನ್ನು ಭರತದ ಗೆರೆಗಿಂತ, ಅಂದರೆ ನೀರು ಏರಿ ಬರುವ ಗೆರೆಗಿಂತ ಮೇಲೆ ತಂದು, ಸ್ಟ್ಯಾಂಡಿನ ಅಡಿಗೆ ಹಲಗೆ ತುಂಡು ಕೊಡು.

ಭಾನುವಾರ ಅಮಾವಾಸ್ಯೆ, ನೋಡಿದೆಯಾ? ಅಮಾವಾಸ್ಯೆ ಹುಣ್ಣಿಮೆಗೆ ಭರತವೂ ಜಾಸ್ತಿ, ಇಳಿತವೂ ಜಾಸ್ತಿ. ನಮ್ಮ ಕಡೆ ಆ ದಿನಗಳಲ್ಲಿ ನೀರು ಪೂರ್ತಿ ಇಳಿಯುವುದು ಬೆಳಗಿನ ಐದಾರು ಗಂಟೆಗೆ, ತುಂಬುವುದು ಹನ್ನೊಂದು ಹನ್ನೆರಡರ ಹೊತ್ತಿಗೆ. ನೀವೋ ಏಳುವುದೇ ಎಂಟಕ್ಕೆ. ಹೊರಡುವಾಗಲೇ ದಾರಿ ಅರ್ಧ ಆಗಿರುತ್ತದೆ, ಬರುವಾಗ ಇರುವುದೇ ಇಲ್ಲ. ಆಮೇಲೆ ಮೇಲಿನ ಒಣ ಹೊಯ್ಗೆಯಲ್ಲಿ ಹೂತುಕೊಂಡು ಒದ್ದಾಡಬೇಕು. ಬೆಳಕು ಹರಿಯುತ್ತಲೇ ಹೊರಟು ಎಂಟರೊಳಗೆ ರಸ್ತೆಗೆ ಬನ್ನಿ. ಭರತ ಇಳಿತದ ಪಟ್ಟಿ ಮೊಬೈಲಲ್ಲೇ ಸಿಗುತ್ತದೆ. ಆದರೂ ದೋಣಿ ಹತ್ತಿರ ಇರುವವರನ್ನು ಒಂದು ಮಾತು ಕೇಳು, ಯಾವ ಹಳ್ಳದ ಬಾಯಿ ಎಲ್ಲಿಗೆ ಸರಿದಿದೆ ಅಂತ ಅವರಿಗೇ ಗೊತ್ತು.

ಟೈರಿನ ಗಾಳಿ 18 ಪಿಎಸ್‌ಐ ಹತ್ತಿರ ಇಳಿಸು. ಅದಕ್ಕಿಂತ ಜಾಸ್ತಿ ಇಳಿಸಿದರೆ ರಿಮ್ಮು ಒಳಗೇ ಜಾರಿ ಟ್ಯೂಬಿನ ಬಾಯಿ ಹರಿಯುತ್ತದೆ. ರಸ್ತೆಗೆ ಬಂದ ತಕ್ಷಣ ತುಂಬಿಸಬೇಕು, ಕಾಲಿನ ಪಂಪು ನನ್ನ ಹತ್ತಿರ ಇದೆ, ಶನಿವಾರ ಬಂದು ತಗೊಂಡು ಹೋಗು. ಮುಂದಿನ ಬ್ರೇಕು ಹಿಡಿಯಬೇಡ, ಗಕ್ಕನೆ ತಿರುಗಿಸಬೇಡ. ಮೈಭಾರ ಹಿಂದಕ್ಕಿರಲಿ. ಚಕ್ರ ಹೂತರೆ ನನ್ನ ಹಾಗೆ ಮಾಡದೆ ಇಳಿ. ಬೈಕನ್ನು ಪಕ್ಕಕ್ಕೆ ಮಲಗಿಸಿ ಗುಂಡಿ ಮುಚ್ಚು, ಎತ್ತಿ ಮೊದಲನೇ ಗೇರಿನಲ್ಲಿ ನಡೆಸಿಕೊಂಡು ಬಾ. ಹಳ್ಳ ಸಮುದ್ರ ಸೇರುವಲ್ಲಿ ಮೊಳದಷ್ಟು ಎತ್ತರದ ಮೆಟ್ಟಿಲು ಕೊರೆದಿರುತ್ತದೆ. ದೂರದಿಂದ ಕಾಣುವುದಿಲ್ಲ, ಹತ್ತಿರ ಬಂದಾಗ ಬ್ರೇಕು ಕೆಲಸಕ್ಕೆ ಬರುವುದಿಲ್ಲ. ಬಲೆಯ ಹಗ್ಗವೂ ಹಾಗೇ. ನಿಧಾನವೇ ಇರಲಿ. ಅಳಿವೆ ದಾಟುವ ಯೋಚನೆಯಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಈಗ ಕಡಲಾಮೆ ಮೊಟ್ಟೆ ಇಡುವ ಕಾಲ. ಭರತದ ಗೆರೆಯ ಮೇಲೆ, ಅಡುಂಬು ಬಳ್ಳಿ ಹಬ್ಬಿರುವಲ್ಲಿ ಹೊಯ್ಗೆ ತೋಡಿ ಇಡುತ್ತದೆ. ಅಲ್ಲಿಗೆ ಬೈಕು ಹತ್ತಿಸಬೇಡ, ತಳ್ಳಿಕೊಂಡೇ ಹೋಗು. ಟೈರಿನ ಸಾಲೊಳಗೆ ಬಿದ್ದ ಮರಿಗೆ ಮೇಲೆ ಹತ್ತಲು ಬರುವುದಿಲ್ಲ, ಸಮುದ್ರದ ದಾರಿ ತಪ್ಪಿ ಸಾಲಿನಲ್ಲೇ ತೆವಳಿ ಸಾಯುತ್ತದೆ. ಈ ಒಲಿವ್ ರಿಡ್ಲಿ ಆಮೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಗೊತ್ತಿರಲಿ.

ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆ, ನಾಳೆ ಅಂದರೆ ಉಪ್ಪು ಕೇಳುವುದಿಲ್ಲ. ಸೈಲೆನ್ಸರ್ ಆರಿದ ಮೇಲೆ ನೀರು ಹಾಕು, ಚೈನು ಒಣಗಿಸಿ ಎಣ್ಣೆ ಬಿಡು.

ಅತ್ತಿಗೆ, ನೀವು ಹೆದರಬೇಡಿ. ಅಪ್ಪಿ, ಹೊರಡುವಾಗ ಇಲ್ಲೇ ಒಂದು ಮೆಸೇಜು ಹಾಕು, ದಾರಿಯಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಒಂಬತ್ತರೊಳಗೆ ಫೋನು ಬರದಿದ್ದರೆ ನಾನು ಹಗ್ಗ ತಗೊಂಡು ಹೊರಡುತ್ತೇನೆ. ಬಂದರೆ ಮಧ್ಯಾಹ್ನ ಊಟಕ್ಕೆ ಮೂವರೂ ಇಲ್ಲಿಗೇ ಬನ್ನಿ.