ಹರ್ಮಿಟ್ ಏಡಿಗಳು ಬಸವನಹುಳುಗಳನ್ನು ಕೊಲ್ಲುತ್ತಿವೆಯೇ?

ಪ್ರಶ್ನೆ (ಚಿಕ್ಕಮಗಳೂರು):
ನಮಸ್ಕಾರ. ಮನೆಯ ರೀಫ್ ಅಕ್ವೇರಿಯಂನಲ್ಲಿ (ಹವಳಗಳಿರುವ ಉಪ್ಪುನೀರಿನ ತೊಟ್ಟಿ) ಪಾಚಿ ತಿನ್ನಲೆಂದು ನೀಲಿ ಕಾಲಿನ ಪುಟ್ಟ ಹರ್ಮಿಟ್ ಏಡಿಗಳನ್ನು (ಖಾಲಿ ಚಿಪ್ಪುಗಳನ್ನು ಹೊತ್ತು ಬದುಕುವ ಏಡಿಗಳು) ಬಿಟ್ಟಿದ್ದೇನೆ. ಇತ್ತೀಚೆಗೆ ಬಸವನಹುಳುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದು, ಅವುಗಳ ಚಿಪ್ಪನ್ನು ಏಡಿಗಳು ಹೊತ್ತು ತಿರುಗುತ್ತಿವೆ. ಇಂದು ಬೆಳಿಗ್ಗೆ ಕಲ್ಲಿನ ಬುಡದಲ್ಲಿ ಒಂದು ಏಡಿಯ ದೇಹವೂ ಬಿದ್ದಿತ್ತು. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ಹಾಸನ):
ಆ ದೇಹವನ್ನು ಎತ್ತಿ ನೋಡಿ. ಒಳಗೆ ಟೊಳ್ಳಾಗಿದ್ದು ಕೊಳೆತ ವಾಸನೆಯಿಲ್ಲದಿದ್ದರೆ ಅದು ಕಳಚಿದ ಪೊರೆ ಮಾತ್ರ. ಹೊಸ ಕವಚ ಗಟ್ಟಿಯಾಗುವವರೆಗೆ ಏಡಿ ಅಡಗಿರುತ್ತದೆ, ಹುಡುಕಲು ಕಲ್ಲುಗಳನ್ನು ಕದಲಿಸಬೇಡಿ. ಹೊಟ್ಟೆಯ ಭಾಗ ಮೆತ್ತಗಿರುವ ಈ ಜೀವಿಗೆ ಬೆಳೆದಂತೆಲ್ಲ ದೊಡ್ಡ ಚಿಪ್ಪು ಬೇಕಾಗುವುದರಿಂದ, ಖಾಲಿ ಚಿಪ್ಪು ಸಿಗದಿದ್ದಾಗ ಅದು ಬಸವನಹುಳುವನ್ನು ಕೊಂದು ಅದರ ಚಿಪ್ಪನ್ನು ಸೇರುವುದುಂಟು. ಪ್ರತಿ ಏಡಿಗೆ ಎರಡು ಮೂರರಂತೆ, ಈಗಿನದಕ್ಕಿಂತ ತುಸು ದೊಡ್ಡ ಬಾಯಿಯ, ಬಣ್ಣ ಬಳಿಯದ ಚಿಪ್ಪುಗಳನ್ನು ಕುದಿಸಿ ತೊಳೆದು ಹಾಕಿ. ಪಾಚಿ ಮುಗಿದಿದ್ದರೆ ಒಣಗಿದ ಕಡಲಕಳೆಯ ಚೂರುಗಳನ್ನು ಕೊಡಿ. ಹಸಿವೂ ಇದಕ್ಕೆ ಕಾರಣವಾಗಬಹುದು.

ಉತ್ತರ (ಚಿಕ್ಕಮಗಳೂರು):
ಮೇಲಿನ ಮಾತು ಸರಿಯಾಗಿದೆ. ಮೀನಿಗೆಂದು ತಾಮ್ರವಿರುವ ಔಷಧಿಯನ್ನು ಮಾತ್ರ ಆ ತೊಟ್ಟಿಗೆ ಎಂದಿಗೂ ಹಾಕಬೇಡಿ, ಅದು ಏಡಿಗಳಿಗೆ ವಿಷ. ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಿ, ನೀರಿನ ಸಾಪೇಕ್ಷ ಸಾಂದ್ರತೆಯನ್ನು (ಉಪ್ಪಿನ ಪ್ರಮಾಣ ತಿಳಿಸುವ ಅಳತೆ) 1.025ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಿ. ನಮ್ಮ ಊರಿನ ಡಿಸೆಂಬರ್ ಚಳಿಗೆ ಹೀಟರ್ ಬೇಕೇ ಬೇಕು. 25 ಡಿಗ್ರಿಗೆ ಇಡಿ.