ಸಹಾಯ ಬೇಕು: ಈ ಹಾರ್ನ್‌ಬಿ ಡಬ್ಲೋ (ಬ್ರಿಟನ್ನಿನ ಆಟಿಕೆ ರೈಲು) ಎಂಜಿನ್ ಎರಡನೇ ಮಹಾಯುದ್ಧಕ್ಕೆ ಮುಂಚಿನದಾ, ಆಮೇಲಿನದಾ?

ಹಳೇ ಆಟಿಕೆ ರೈಲು ಬಲ್ಲವರು ದಯವಿಟ್ಟು ನೋಡಿ. ನನ್ನ ಹತ್ತಿರ ಮೂರು ಹಳಿಯ ಹಾರ್ನ್‌ಬಿ ಡಬ್ಲೋ 0-6-2 (ಇದು ಚಕ್ರಗಳ ಜೋಡಣೆ) ಟ್ಯಾಂಕ್ ಎಂಜಿನ್ ಇದೆ, ಅಂದ್ರೆ ನೀರಿನ ತೊಟ್ಟಿ ಎಂಜಿನ್ ಮೇಲೆಯೇ ಇರುವ ಬಗೆಯ ಮಾದರಿ. ಎಲ್‌ಎನ್‌ಇಆರ್ (ಬ್ರಿಟನ್ನಿನ ಹಳೆಯ ರೈಲು ಕಂಪನಿ) ಗುರುತು, ಕಪ್ಪು ಬಣ್ಣ. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆಯಿಂದ ಈ ಮಾದರಿ ಮೊದಲು ಬಂದದ್ದು 1938ರಲ್ಲಿ. ಯುದ್ಧ ಮುಗಿದ ಮೇಲೂ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಬಂತು. ಹಾಗಾಗಿ ಸುಮ್ನೆ ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಬಾಡಿ ಬಿಚ್ಚಿ ನೋಡಿದೆ. ಮೋಟರಿನಲ್ಲಿರುವುದು ಕುದುರೆ ಲಾಳದ ಆಕಾರದ ದೊಡ್ಡ ಆಯಸ್ಕಾಂತ. ನಂತರದ ಮೋಟರುಗಳಲ್ಲಿ ಬರುವ ಸಣ್ಣ ಆಲ್ನಿಕೋ (ಒಂದು ಬಗೆಯ ಆಯಸ್ಕಾಂತದ ಮಿಶ್ರಲೋಹ) ತುಂಡಲ್ಲ. ಬಫರ್ (ತುದಿಯಲ್ಲಿ ಡಿಕ್ಕಿ ತಡೆಯುವ ಗುಂಡಿ) ಹತ್ತಿರ, ಬಾಡಿ ಎರಕದ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಮಜಾಕ್ ಲೋಹದಲ್ಲಿ (ಎರಕಕ್ಕೆ ಬಳಸುವ ಸತುವಿನ ಮಿಶ್ರಲೋಹ) ಸೀಸ ಬೆರೆತಿದ್ದರೆ ಹೀಗಾಗುತ್ತದೆ, ಯುದ್ಧಕ್ಕೆ ಮುಂಚಿನ ಎರಕಗಳಲ್ಲಿ ಇದು ಜಾಸ್ತಿ. ಆದರೆ ಕಪ್ಲಿಂಗ್ (ಬೋಗಿ ಜೋಡಿಸುವ ಕೊಂಡಿ) ಮಾತ್ರ ಯುದ್ಧದ ನಂತರದ್ದು, ಹಳೆಯ ಚಪ್ಪಟೆ ಸ್ಪ್ರಿಂಗ್ ಪಟ್ಟಿ ಅಲ್ಲ. ಯಾರೋ ಬದಲಾಯಿಸಿರಬಹುದು, ಅಲ್ವಾ?

ಲಾಳದ ಆಯಸ್ಕಾಂತದ ಮೋಟರ್ ಯುದ್ಧದ ನಂತರವೂ ಸ್ವಲ್ಪ ಕಾಲ ಹಾಕಿದ್ದರೇ? ಎರಡೂ ಕಾಲದ ಎರಕದಲ್ಲಿ ಒಳಗಡೆ ಏನಾದರೂ ವ್ಯತ್ಯಾಸ ಇದೆಯೇ? ನಿಮ್ಮಲ್ಲಿ ಇದೇ ಎಂಜಿನ್ ಇದ್ದರೆ ಬಾಡಿಯ ಒಳಭಾಗದ ಫೋಟೊ ಹಾಕಿ. ಆಯಸ್ಕಾಂತ ಸೋತಿದೆ, ಮತ್ತೆ ಕಾಂತ ತುಂಬಿಸಬೇಕು. ಮೂಲ ಬಣ್ಣವನ್ನಂತೂ ನಾನು ಮುಟ್ಟುವುದಿಲ್ಲ.